ಅಂಗಡಿಗೆ ಲೈಸೆನ್ಸ್ ಬೇಕು, ಕಸುಬಿಗೆ ಸರ್ಟಿಫಿಕೇಟ್ ಇಲ್ಲ: ಮಾಂಸ ಕತ್ತರಿಸುವ ಕೈಗಳನ್ನು ಸರ್ಕಾರ ಯಾಕೆ ಕಾಣುತ್ತಿಲ್ಲ?

ಯುಗಾದಿ ಮುಗಿದ ಮಾರನೇ ದಿನ ಹೊಸತೊಡಕು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಅವತ್ತು ಬೆಳಕು ಹರಿಯುವ ಮೊದಲೇ ಮಟನ್ ಅಂಗಡಿಗಳ ಮುಂದೆ ಜನ ಸಾಲುಗಟ್ಟಿರುತ್ತಾರೆ. ಹಳ್ಳಿಗಳಲ್ಲಿ ಇನ್ನೊಂದು ಪದ್ಧತಿ ಇದೆ. ಹತ್ತಾರು ಮನೆಯವರು ಚೀಟಿ ಹಾಕಿ, ದುಡ್ಡು ಕೂಡಿಸಿ, ಕುರಿ ತಂದು ಕೊಯ್ದು, ಮಾಂಸವನ್ನು ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಅದೇ ಗುಡ್ಡೆ ಬಾಡು. ತೊಡೆ, ಪಕ್ಕೆ, ಎದೆ, ಲಿವರ್, ಬೋಟಿ, ನಲ್ಲಿಮೂಳೆ ಎಲ್ಲವೂ ಪ್ರತಿ ಗುಡ್ಡೆಗೂ ಬೀಳಬೇಕು. ಒಂದು ಗುಡ್ಡೆಗೆ ಮೂಳೆ ಜಾಸ್ತಿ ಆದರೆ ಹಬ್ಬದ ದಿನವೇ ಜಗಳ.

ಆ ಗುಡ್ಡೆಗಳನ್ನು ತಕ್ಕಡಿ ಇಲ್ಲದೆ, ಕಣ್ಣಳತೆಯಲ್ಲೇ ಸಮ ಮಾಡುವ ಒಬ್ಬ ಮನುಷ್ಯ ಇರುತ್ತಾನೆ. ಊರಿನವರು ಅವನಿಗಾಗಿ ಕಾಯುತ್ತಾರೆ. ಆದರೆ ಯಾವ ಸರ್ಕಾರಿ ದಾಖಲೆಯಲ್ಲೂ ಅವನು 'ಕುಶಲಕರ್ಮಿ' ಅಲ್ಲ. ಅವನು ಎಷ್ಟು ವರ್ಷ ಕಲಿತ, ಯಾರ ಹತ್ತಿರ ಕಲಿತ, ಏನು ಬಲ್ಲ ಅಂತ ಕೇಳುವ ಕಚೇರಿ ಈ ನಾಲ್ಕು ತಾಲ್ಲೂಕಿನಲ್ಲಿ ಇಲ್ಲ.

ಮಾಂಸದ ಬಗ್ಗೆ ನಮ್ಮಲ್ಲಿ ಚರ್ಚೆಗೆ ಕೊರತೆ ಇಲ್ಲ. ಯಾರು ತಿನ್ನಬಹುದು, ಯಾವುದನ್ನು ಕೊಯ್ಯಬಹುದು, ಅಂಗಡಿ ಎಲ್ಲಿರಬೇಕು, ಯಾವ ದಿನ ಮುಚ್ಚಬೇಕು ಅಂತೆಲ್ಲ ಮಾತಾಡುತ್ತೇವೆ. ಮಾಂಸ ಕತ್ತರಿಸುವವರ ತರಬೇತಿ ಮತ್ತು ಅರ್ಹತೆಯ ವಿಷಯ ಮಾತ್ರ ಬರುವುದೇ ಇಲ್ಲ. ಈ ಬರಹ ಅದರ ಬಗ್ಗೆ.

ಈ ಕಸುಬಿನಲ್ಲಿ ಕಲಿಯೋದಕ್ಕೆ ಏನಿದೆ?

'ಕತ್ತರಿಸೋದು ತಾನೇ, ಅದರಲ್ಲೇನಿದೆ' ಅನ್ನುವವರು ಒಮ್ಮೆ ಅಂಗಡಿಯ ಹಿಂದಿನ ಕೆಲಸ ನೋಡಬೇಕು.

ಮೊದಲನೆಯದು ಪ್ರಾಣಿಯನ್ನು ಗುರುತಿಸುವುದು. ವಯಸ್ಸು ಹಲ್ಲಿನಲ್ಲಿ ಗೊತ್ತಾಗುತ್ತದೆ. ಜ್ವರ, ಜೊಲ್ಲು, ಮೂಗಿನ ಸೋರಿಕೆ, ನಡಿಗೆ ನೋಡಿ ರೋಗ ಇದೆಯೋ ಇಲ್ಲವೋ ಅಂದಾಜು ಮಾಡಬೇಕು. ಹೆಣ್ಣಾದರೆ ಗಬ್ಬ ಇದೆಯಾ ಅಂತ ನೋಡಬೇಕು. ಎರಡನೆಯದು ಕೊಯ್ಯುವುದು. ಹರಿತವಾದ ಚೂರಿಯಿಂದ ಒಂದೇ ಏಟಿಗೆ ಕೊರಳಿನ ದೊಡ್ಡ ರಕ್ತನಾಳಗಳು ಕತ್ತರಿಸಿದರೆ ಪ್ರಾಣಿಯ ನೋವೂ ಕಡಿಮೆ, ರಕ್ತವೂ ಪೂರ್ತಿ ಇಳಿಯುತ್ತದೆ. ರಕ್ತ ಸರಿಯಾಗಿ ಇಳಿಯದ ಮಾಂಸ ಬೇಗ ಕೆಡುತ್ತದೆ.

ಮೂರನೆಯದು ಚರ್ಮ ಸುಲಿಯುವುದು. ಪಳಗಿದವರು ಚೂರಿಯನ್ನು ಆದಷ್ಟು ಕಡಿಮೆ ಬಳಸಿ ಮುಷ್ಟಿಯಿಂದಲೇ ಚರ್ಮ ಬಿಡಿಸುತ್ತಾರೆ. ಚೂರಿ ತಗುಲಿ ತೂತು ಬಿದ್ದ ಚರ್ಮಕ್ಕೆ ಬೆಲೆ ಬಿದ್ದುಹೋಗುತ್ತದೆ. ಉಣ್ಣೆಯ ಹೊರಮೈ ಮಾಂಸಕ್ಕೆ ತಾಗಿದರೆ ಕೊಳೆಯೂ ತಾಗಿತು ಅಂತಲೇ ಲೆಕ್ಕ. ನಾಲ್ಕನೆಯದು ಹೊಟ್ಟೆ ಬಿಡಿಸುವುದು. ಕರುಳು ಹರಿದರೆ ಮಾಂಸವೆಲ್ಲ ಗಲೀಜು, ಪಿತ್ತಕೋಶ ಒಡೆದರೆ ಲಿವರ್ ಕಹಿ. ಲಿವರ್ ಮತ್ತು ಶ್ವಾಸಕೋಶದಲ್ಲಿ ಗಂಟೋ ನೀರುಗುಳ್ಳೆಯೋ ಕಂಡರೆ ಅದನ್ನು ಪಕ್ಕಕ್ಕಿಡುವಷ್ಟು ತಿಳಿವಳಿಕೆ ಬೇಕು. ಅದನ್ನು ನಾಯಿಗೆ ಎಸೆದರೆ ರೋಗದ ಚಕ್ರ ಮತ್ತೆ ಶುರು. ಕೊನೆಯದು ಕಟಿಂಗ್. ಬಿರಿಯಾನಿಗೆ ಬೇರೆ, ಸಾರಿಗೆ ಬೇರೆ, ಚಾಪ್ಸ್‌ಗೆ ಬೇರೆ, ಖೀಮಾಗೆ ಬೇರೆ.

ಇಷ್ಟೆಲ್ಲದರ ಜೊತೆ ಅಪಾಯವೂ ಇದೆ. ಬ್ರುಸೆಲ್ಲೋಸಿಸ್, ಅಂದರೆ ಕಂದು ರೋಗ, ಗರ್ಭಕೋಶದ ದ್ರವ ಮತ್ತು ರಕ್ತದ ಮೂಲಕ ಕೈಯ ಗಾಯಕ್ಕೆ ಇಳಿಯಬಹುದು. ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಜ್ವರ, ಕೀಲು ನೋವು. ಬಹಳ ಸಲ ಅದು ಏನೆಂದೇ ಗೊತ್ತಾಗಲ್ಲ. ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಬಂದು ದಿಢೀರನೆ ಸತ್ತ ಕುರಿಯನ್ನು ಕೊಯ್ಯಲೇಬಾರದು, ಹೊಟ್ಟೆ ತೆರೆಯಲೇಬಾರದು. ಅದರ ರೋಗಾಣು ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಇಂಥ ರೋಗಗಳ ಲೆಕ್ಕ ಇಡುವ ದೇಶದ ಮುಖ್ಯ ಸಂಸ್ಥೆ, ಐಸಿಎಆರ್‌ನ ನಿವೇದಿ, ಇರುವುದು ಬೆಂಗಳೂರಿನ ಯಲಹಂಕದಲ್ಲಿ. ಮಾಗಡಿಯಿಂದ ಅದೇನೂ ದೂರವಲ್ಲ. ಆದರೆ ಅಲ್ಲಿನ ತಿಳಿವಳಿಕೆ ಮಾಗಡಿಯ ಮಟನ್ ಅಂಗಡಿಯ ಹುಡುಗನಿಗೆ ತಲುಪುವ ದಾರಿಯನ್ನು ಯಾರೂ ಕಟ್ಟಿಲ್ಲ.

ಈಗ ಕಲಿಯುವುದು ಹೇಗೆ?

ಅಪ್ಪನಿಂದ, ಮಾವನಿಂದ, ಇಲ್ಲವೇ ಅಂಗಡಿಯ ಯಜಮಾನನಿಂದ. ಹುಡುಗ ಮೊದಲು ನೆಲ ತೊಳೆಯುತ್ತಾನೆ, ಬೋಟಿ ತೊಳೆಯುತ್ತಾನೆ, ತಲೆ ಕಾಲು ಸುಡುತ್ತಾನೆ. ಆಮೇಲೆ ಕೋಳಿ, ಆಮೇಲೆ ಕುರಿ ಸುಲಿಯೋದು. ಕೊರಡಿನ ಮುಂದೆ ಮಚ್ಚು ಹಿಡಿದು ಗಿರಾಕಿಯ ಎದುರು ನಿಲ್ಲೋದು ಕೊನೆಗೆ. ಇದು ನಿಜವಾದ ಶಿಷ್ಯವೃತ್ತಿಯೇ. ಆದರೆ ಇದರಲ್ಲಿ ಪರೀಕ್ಷೆ ಇಲ್ಲ, ಕೂಲಿಗೆ ಶ್ರೇಣಿ ಇಲ್ಲ, ಕಲಿತದ್ದಕ್ಕೆ ಕಾಗದ ಇಲ್ಲ. ಬೇರೆ ಊರಿಗೆ ಹೋದರೆ ಮತ್ತೆ ಮೊದಲಿನಿಂದ ನಂಬಿಕೆ ಗಳಿಸಬೇಕು. ಬ್ಯಾಂಕಿನಲ್ಲಿ ಸಾಲ ಕೇಳಿದರೆ ತೋರಿಸೋಕೆ ಏನೂ ಇರಲ್ಲ.

ಕಸುಬಿಗೆ ಬರುವವರು ಯಾರು ಅನ್ನುವುದೂ ಮುಖ್ಯ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ 1ರಲ್ಲಿ ಕಸಾಬ್, ಕಸಾಯಿ ಅನ್ನುವ ಮುಸ್ಲಿಂ ಸಮುದಾಯಗಳ ಹೆಸರಿದೆ. ಹಿಂದೂಗಳಲ್ಲಿ ಅರೆಕಟಿಕ ಸಮುದಾಯದ ಕುಲಕಸುಬು ಇದು. ಉತ್ತರದ ಹಲವು ರಾಜ್ಯಗಳಲ್ಲಿ ಖಟೀಕರು ಪರಿಶಿಷ್ಟ ಜಾತಿಯಲ್ಲಿದ್ದಾರೆ, ಇಲ್ಲಿ ಅರೆಕಟಿಕರು ಹಿಂದುಳಿದ ವರ್ಗದಲ್ಲಿದ್ದಾರೆ. ಇವರಲ್ಲದೆ ಬೇರೆ ಬೇರೆ ಜಾತಿಯವರೂ ಈಗ ಮಟನ್, ಚಿಕನ್ ಅಂಗಡಿ ನಡೆಸುತ್ತಾರೆ. ಸಮುದಾಯದ ಹೆಸರು ಸರ್ಕಾರದ ಪಟ್ಟಿಯಲ್ಲಿದೆ. ಆ ಸಮುದಾಯದ ವಿದ್ಯೆಗೆ ಮಾತ್ರ ಎಲ್ಲೂ ಜಾಗ ಸಿಕ್ಕಿಲ್ಲ.

ಕಾನೂನು ಏನು ಕೇಳುತ್ತದೆ?

ಮೂರು ಕಡೆಯಿಂದ ಕಾನೂನು ಬರುತ್ತದೆ. ಒಂದೊಂದಾಗಿ ನೋಡೋಣ.

*1. ಪ್ರಾಣಿ ಹಿಂಸೆ ತಡೆ (ಕಸಾಯಿಖಾನೆ) ನಿಯಮಗಳು, 2001.* ಪುರಸಭೆ, ನಗರಸಭೆ ವ್ಯಾಪ್ತಿಯಲ್ಲಿ ಮಾನ್ಯತೆ ಅಥವಾ ಲೈಸೆನ್ಸ್ ಇರುವ ಕಸಾಯಿಖಾನೆಯಲ್ಲಿ ಮಾತ್ರ ಪ್ರಾಣಿ ಕೊಯ್ಯಬೇಕು. ಗಬ್ಬದ ಪ್ರಾಣಿ, ಮೂರು ತಿಂಗಳ ಒಳಗಿನ ಮರಿ ಇರುವ ತಾಯಿ, ಮೂರು ತಿಂಗಳು ತುಂಬದ ಮರಿ, ಪಶುವೈದ್ಯರು ಯೋಗ್ಯ ಎಂದು ಪ್ರಮಾಣೀಕರಿಸದ ಪ್ರಾಣಿ, ಇವನ್ನು ಕೊಯ್ಯುವಂತಿಲ್ಲ. ಒಬ್ಬ ಪಶುವೈದ್ಯರು ಗಂಟೆಗೆ 12ಕ್ಕಿಂತ, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿಗಳನ್ನು ಪರೀಕ್ಷಿಸಬಾರದು. ಕೊಯ್ಯುವವನ ಬಳಿ ಸ್ಥಳೀಯ ಸಂಸ್ಥೆ ಕೊಟ್ಟ ಲೈಸೆನ್ಸ್ ಅಥವಾ ಅಧಿಕಾರಪತ್ರ ಇರಬೇಕು. 18 ತುಂಬದವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಸಾಂಕ್ರಾಮಿಕ ರೋಗ ಇರುವವರು ಕೊಯ್ಯಬಾರದು.

ಇಲ್ಲಿ ಎರಡು ವಿಷಯ ಗಮನಿಸಿ. ಕೊಯ್ಯುವವನಿಗೆ ಲೈಸೆನ್ಸ್ ಬೇಕು ಅನ್ನುತ್ತದೆ ನಿಯಮ, ಆದರೆ ಅದನ್ನು ಪಡೆಯಲು ಏನು ಕಲಿತಿರಬೇಕು ಅಂತ ಒಂದು ಸಾಲೂ ಇಲ್ಲ. ವಯಸ್ಸು ಕೇಳಿದೆ, ಆರೋಗ್ಯ ಕೇಳಿದೆ, ಕೌಶಲ ಕೇಳಿಲ್ಲ. ಎರಡನೆಯದು, ಈ ನಿಯಮದ ಪ್ರಕಾರ ಕಸಾಯಿಖಾನೆ ಅಂದರೆ ದಿನಕ್ಕೆ 10 ಅಥವಾ ಅದಕ್ಕಿಂತ ಹೆಚ್ಚು ಪ್ರಾಣಿ ಕೊಯ್ಯುವ ಜಾಗ. ಸಣ್ಣ ಊರಿನ ಅಂಗಡಿಯಲ್ಲಿ ವಾರದ ದಿನ ಎರಡೋ ಮೂರೋ ಕುರಿ ಕೊಯ್ದರೆ ಹೆಚ್ಚು. ಆ ಜಾಗ ಕಸಾಯಿಖಾನೆ ಎನಿಸಿಕೊಳ್ಳುವುದಿಲ್ಲ, ಕಸಾಯಿಖಾನೆ ಬಿಟ್ಟು ಬೇರೆಲ್ಲೂ ಕೊಯ್ಯುವಂತೆಯೂ ಇಲ್ಲ. ಊರಿನಲ್ಲಿ ಸರಿಯಾದ ಸಾರ್ವಜನಿಕ ಕಸಾಯಿಖಾನೆ ಇಲ್ಲದಿದ್ದರೆ, ಅವನು ಬೆಳಿಗ್ಗೆ ಅಂಗಡಿ ತೆರೆದ ಕ್ಷಣದಿಂದಲೇ ತಪ್ಪಿತಸ್ಥ.

*2. ಆಹಾರ ಸುರಕ್ಷತೆ ಕಾನೂನು.* 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, ಅದರ ಕೆಳಗೆ 2011ರ ಲೈಸೆನ್ಸ್ ಮತ್ತು ನೋಂದಣಿ ನಿಯಮಗಳು. ಇವುಗಳ ಲೆಕ್ಕ ಹೀಗಿದೆ: ದಿನಕ್ಕೆ 2 ದೊಡ್ಡ ಪ್ರಾಣಿ, ಅಥವಾ 10 ಸಣ್ಣ ಪ್ರಾಣಿ, ಅಥವಾ 50 ಕೋಳಿವರೆಗೆ ಕೊಯ್ಯುವವರಿಗೆ ನೋಂದಣಿ ಸಾಕು. ಅದಕ್ಕಿಂತ ಮೇಲೆ 50 ದೊಡ್ಡ, 150 ಸಣ್ಣ ಪ್ರಾಣಿ ಅಥವಾ 1000 ಕೋಳಿವರೆಗೆ ರಾಜ್ಯ ಲೈಸೆನ್ಸ್. ಅದನ್ನೂ ದಾಟಿದರೆ ಕೇಂದ್ರ ಲೈಸೆನ್ಸ್.

ಈ ನಿಯಮಗಳ ನಾಲ್ಕನೇ ಅನುಸೂಚಿಯಲ್ಲಿ ಮಾಂಸಕ್ಕೇ ಒಂದು ಭಾಗ ಇದೆ. ಗೋಡೆಗೆ ನೆಲದಿಂದ ಕನಿಷ್ಠ 5 ಅಡಿ ಎತ್ತರದವರೆಗೆ ಟೈಲ್ಸ್‌ನಂಥ ನೀರು ಹೀರದ ಹೊದಿಕೆ, ಯಾವ ಪ್ರಾಣಿಯ ಮಾಂಸ ಅನ್ನುವ ಬೋರ್ಡು, ಸ್ಟೇನ್‌ಲೆಸ್ ಸ್ಟೀಲಿನ ಚೂರಿ, ಕಾಲಲ್ಲಿ ಒತ್ತಿ ತೆರೆಯುವ ಕಸದ ಡಬ್ಬಿ, ಕೆಲಸಗಾರರ ವೈದ್ಯಕೀಯ ತಪಾಸಣೆ. ಮಾರುವ ಅಂಗಡಿಯೊಳಗೆ ಕೊಯ್ಯುವಂತಿಲ್ಲ. ಎಲ್ಲವೂ ಒಳ್ಳೆಯ ವಿಷಯಗಳೇ. ಆದರೆ ಗೋಡೆ, ಡಬ್ಬಿ, ಬೋರ್ಡಿನ ಬಗ್ಗೆ ಇರುವ ಖಚಿತತೆ ಕೆಲಸಗಾರನ ವಿದ್ಯೆಯ ಬಗ್ಗೆ ಇಲ್ಲ.

*3. ಸ್ಥಳೀಯ ಸಂಸ್ಥೆ.* ರಾಮನಗರ, ಚನ್ನಪಟ್ಟಣ, ಕನಕಪುರದಲ್ಲಿ ನಗರಸಭೆ, ಮಾಗಡಿಯಲ್ಲಿ ಪುರಸಭೆ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಇವರಿಗೆ ಕಸಾಯಿಖಾನೆ ನಡೆಸುವ, ಮಾಂಸ ಮಾರಾಟಕ್ಕೆ ಲೈಸೆನ್ಸ್ ಕೊಡುವ ಅಧಿಕಾರ ಕೊಟ್ಟಿದೆ. ಅಂದರೆ ಕಾಗದದ ಮೇಲೆ ಕಸುಬುದಾರನಿಗೆ ಅತಿ ಹತ್ತಿರದ ಸರ್ಕಾರ ಇದೇ. ಆದರೆ ಅಂಗಡಿಯವರಿಗೆ ಈ ಸರ್ಕಾರ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಮೂರು ರೂಪದಲ್ಲಿ: ಫೀಸು, ನೋಟಿಸು, ಮತ್ತು 'ಈ ದಿನ ಮಾಂಸ ಮಾರಾಟ ನಿಷೇಧ' ಅನ್ನುವ ಪ್ರಕಟಣೆ.

ಸಂವಿಧಾನದಲ್ಲಿ ಇನ್ನೊಂದು ಸ್ವಾರಸ್ಯ ಇದೆ. 19(1)(ಜಿ) ವಿಧಿ ಯಾವುದೇ ವೃತ್ತಿ ನಡೆಸುವ ಹಕ್ಕು ಕೊಡುತ್ತದೆ. 19(6) ಆ ಹಕ್ಕಿನ ಮೇಲೆ ನ್ಯಾಯಯುತ ನಿರ್ಬಂಧ ಹಾಕಲು ಸರ್ಕಾರಕ್ಕೆ ಅವಕಾಶ ಕೊಡುತ್ತದೆ. ಅದರ ಜೊತೆಗೇ, ವೃತ್ತಿಗೆ ಬೇಕಾದ ವೃತ್ತಿಪರ ಅಥವಾ ತಾಂತ್ರಿಕ ಅರ್ಹತೆಯನ್ನು ಕಾನೂನಿನ ಮೂಲಕ ಗೊತ್ತುಪಡಿಸಬಹುದು ಅಂತಲೂ ಹೇಳುತ್ತದೆ. ವಕೀಲರು, ಡಾಕ್ಟರು, ಫಾರ್ಮಸಿಸ್ಟ್‌ಗಳ ವಿಷಯದಲ್ಲಿ ಸರ್ಕಾರ ಈ ಎರಡನೇ ದಾರಿ ಹಿಡಿಯಿತು. ಮಾಂಸದ ಕಸುಬಿನವರ ವಿಷಯದಲ್ಲಿ ಅದು ಬಳಸಿದ್ದು ಮೊದಲನೆಯದನ್ನು ಮಾತ್ರ. 1958ರಲ್ಲಿ ಮೊಹಮ್ಮದ್ ಹನೀಫ್ ಖುರೇಷಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಸಾಯಿಗಳ ವೃತ್ತಿಯ ಹಕ್ಕನ್ನು ಚರ್ಚಿಸಿತು. 2005ರಲ್ಲಿ ಗುಜರಾತಿನ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಆ ತೀರ್ಪಿನ ಮುಖ್ಯ ಭಾಗವನ್ನು ಬದಲಿಸಿತು. ಎರಡು ಸಲವೂ ವಾದ ನಡೆದದ್ದು ಎಷ್ಟು ತಡೆಯಬಹುದು ಅನ್ನುವುದರ ಮೇಲೆ.

ಹಾಗಾದರೆ ತರಬೇತಿ ಎಲ್ಲೂ ಇಲ್ಲವೇ?

ಇಲ್ಲ ಅಂತಲ್ಲ. ಇದೆ, ಆದರೆ ಯಾರಿಗೆ ಬೇಕೋ ಅವರಿಂದ ದೂರ ಇದೆ.

ಹೈದರಾಬಾದಿನ ಚೆಂಗಿಚೆರ್ಲದಲ್ಲಿ ಐಸಿಎಆರ್‌ನ ರಾಷ್ಟ್ರೀಯ ಮಾಂಸ ಸಂಶೋಧನಾ ಸಂಸ್ಥೆ ಇದೆ. 1999ರಲ್ಲಿ ಶುರುವಾದದ್ದು, ಮೊದಲು ಸಂಶೋಧನಾ ಕೇಂದ್ರ ಅಂತ ಹೆಸರಿತ್ತು. ಶುದ್ಧ ಮಾಂಸ ಉತ್ಪಾದನೆ, ಸಂಸ್ಕರಣೆ, ಮೌಲ್ಯವರ್ಧನೆ ಬಗ್ಗೆ ಅಲ್ಲಿ ಅಲ್ಪಾವಧಿ ತರಬೇತಿಗಳು ನಡೆಯುತ್ತವೆ. ಆದರೆ ದಿನಗೂಲಿಯ ಮೇಲೆ ಇರುವ ಕನಕಪುರದ ಹುಡುಗ ಕೆಲಸ ಬಿಟ್ಟು ಹೈದರಾಬಾದಿಗೆ ಹೋಗುವುದು ಹೇಗೆ?

ಬೆಂಗಳೂರಿನ ಹೆಬ್ಬಾಳದಲ್ಲಿ 1958ರಿಂದ ಪಶುವೈದ್ಯಕೀಯ ಕಾಲೇಜು ಇದೆ. ಅಲ್ಲಿ ಮಾಂಸ, ಹಾಲಿನಂಥ ಉತ್ಪನ್ನಗಳ ತಂತ್ರಜ್ಞಾನಕ್ಕೇ ಒಂದು ವಿಭಾಗ ಇದೆ. ಆದರೆ ಅಲ್ಲಿ ಪದವಿ ಅಂದರೆ ಐದೂವರೆ ವರ್ಷದ ಪಶುವೈದ್ಯ ಪದವಿ, ಅದರ ಮೇಲೆ ಸ್ನಾತಕೋತ್ತರ. ಮಾಂಸವನ್ನು ಪರೀಕ್ಷಿಸುವವರು ಅಲ್ಲಿ ತಯಾರಾಗುತ್ತಾರೆ, ಕತ್ತರಿಸುವವರಿಗೆ ಅಲ್ಲಿ ಬೆಂಚು ಇಲ್ಲ. ಇಗ್ನೊ ಮಾಂಸ ತಂತ್ರಜ್ಞಾನದಲ್ಲಿ ಒಂದು ವರ್ಷದ ಡಿಪ್ಲೊಮಾ ರೂಪಿಸಿತು. ಅದಕ್ಕೆ ಪಿಯುಸಿ ಆಗಿರಬೇಕು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಅಂಗಡಿ ಸೇರಿದವನಿಗೆ ಆ ಬಾಗಿಲು ಮುಚ್ಚಿದ ಹಾಗೆಯೇ.

ಇನ್ನು ಎಲ್ಲರಿಗೂ ಕೈಗೆಟುಕುವಂತಿರುವುದು ಫೋಸ್ಟ್ಯಾಕ್. ಎಫ್‌ಎಸ್‌ಎಸ್‌ಎಐ 2017ರಲ್ಲಿ ಶುರುಮಾಡಿದ ಆಹಾರ ಸುರಕ್ಷತೆ ತರಬೇತಿ ಇದು. ಪ್ರತಿ 25 ಕೆಲಸಗಾರರಿಗೆ ತರಬೇತಾದ ಒಬ್ಬ ಮೇಲ್ವಿಚಾರಕ ಇರಬೇಕು ಅನ್ನೋದು ಇದರ ಗುರಿ. ಮಾಂಸ ಮತ್ತು ಕೋಳಿಗೆ ಪ್ರತ್ಯೇಕ ಕೋರ್ಸೂ ಇದೆ. ಒಳ್ಳೆಯ ಹೆಜ್ಜೆ, ಆದರೆ ಇದರ ಮಿತಿ ತಿಳಿದಿರಬೇಕು. ಇದು ಗಂಟೆಗಳ ಲೆಕ್ಕದ ತರಬೇತಿ. ಕೈ ತೊಳೆಯುವುದು, ತಣ್ಣಗಿಡುವುದು, ಕಲಬೆರಕೆ ತಡೆಯುವುದು ಇದರ ವಿಷಯ. ಇದು ಸ್ವಚ್ಛತೆಯ ಸರ್ಟಿಫಿಕೇಟ್, ಕಸುಬಿನ ಸರ್ಟಿಫಿಕೇಟ್ ಅಲ್ಲ. ಚರ್ಮ ಹೇಗೆ ಸುಲಿಯಬೇಕು, ಚೂರಿ ಹೇಗೆ ಮಸೆಯಬೇಕು, ನೋವು ಹೇಗೆ ಕಡಿಮೆ ಮಾಡಬೇಕು ಅನ್ನುವುದಕ್ಕೆ ಅಂಕ ಕೊಡುವ ಪರೀಕ್ಷೆ ಅಲ್ಲ.

ಗೊಂಬೆ ಮಾಡುವವರಿಗೆ ಇದೆ, ಮಾಂಸ ಕತ್ತರಿಸುವವರಿಗೆ ಇಲ್ಲ

ಹೋಲಿಕೆಗೆ ಚನ್ನಪಟ್ಟಣಕ್ಕಿಂತ ಒಳ್ಳೆಯ ಊರು ಬೇಕಿಲ್ಲ. ಅಲ್ಲಿ ರೇಷ್ಮೆಗೆ ಸರ್ಕಾರಿ ತರಬೇತಿ ಸಂಸ್ಥೆ ಇದೆ, ಪೊಲೀಸರಿಗೆ ತರಬೇತಿ ಶಾಲೆ ಇದೆ. ಮರದ ಗೊಂಬೆಗಳಿಗೆ ಜಿಐ ಮಾನ್ಯತೆ ಇದೆ.

2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಪಿಎಂ ವಿಶ್ವಕರ್ಮ ಯೋಜನೆ ಶುರುಮಾಡಿತು. ಕೈಯಿಂದ, ಸಲಕರಣೆಯಿಂದ ದುಡಿಯುವ 18 ಸಾಂಪ್ರದಾಯಿಕ ಕಸುಬುಗಳಿಗೆ ಅನ್ವಯ. ನೋಂದಾಯಿಸಿದವರಿಗೆ ವಿಶ್ವಕರ್ಮ ಸರ್ಟಿಫಿಕೇಟ್ ಮತ್ತು ಗುರುತಿನ ಚೀಟಿ, 5ರಿಂದ 7 ದಿನದ ಮೂಲ ತರಬೇತಿ, ಬೇಕಾದವರಿಗೆ 15 ದಿನದ ಮುಂದುವರಿದ ತರಬೇತಿ, ತರಬೇತಿಯ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಶೇ 5ರ ಬಡ್ಡಿಯಲ್ಲಿ ಎರಡು ಕಂತಿನಲ್ಲಿ 3 ಲಕ್ಷದವರೆಗೆ ಅಡಮಾನ ಇಲ್ಲದ ಸಾಲ.

ಪಟ್ಟಿಯಲ್ಲಿ ಯಾರ್ಯಾರಿದ್ದಾರೆ? ಬಡಗಿ, ಕಮ್ಮಾರ, ಕುಂಬಾರ, ಅಕ್ಕಸಾಲಿಗ, ಚಮ್ಮಾರ, ಕ್ಷೌರಿಕ, ಮಡಿವಾಳ, ದರ್ಜಿ, ಹೂಮಾಲೆ ಕಟ್ಟುವವರು, ಗಾರೆ ಕೆಲಸದವರು, ಮೀನಿನ ಬಲೆ ಹೆಣೆಯುವವರು, ಸಾಂಪ್ರದಾಯಿಕ ಗೊಂಬೆ ಮಾಡುವವರು. ಎಲ್ಲರೂ ಅರ್ಹರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾಂಸ ಕತ್ತರಿಸುವವರು ಆ 18ರಲ್ಲಿ ಇಲ್ಲ. ಒಂದು ಕುರಿಯ ಚರ್ಮ ಚಪ್ಪಲಿಯಾಗುವ ಹಂತಕ್ಕೆ ಬಂದಾಗ ಅದನ್ನು ಹೊಲಿಯುವ ಕೈ ವಿಶ್ವಕರ್ಮ. ಅದೇ ಚರ್ಮವನ್ನು ತೂತು ಬೀಳದಂತೆ ಸುಲಿದುಕೊಟ್ಟ ಕೈ ಏನೂ ಅಲ್ಲ.

ಸರ್ಕಾರಕ್ಕೆ ಈ ಕಸುಬು ಗೊತ್ತೇ ಇಲ್ಲ ಅನ್ನುವಂತೆಯೂ ಇಲ್ಲ. ಜಗತ್ತಿನ ವೃತ್ತಿ ವರ್ಗೀಕರಣದಲ್ಲಿ ಕಸಾಯಿಗಳು, ಮೀನು ಹೆಚ್ಚುವವರು ಮತ್ತು ಅಂಥ ಕೆಲಸದವರಿಗೆ 7511 ಅನ್ನುವ ಸಂಖ್ಯೆ ಇದೆ. ನಮ್ಮ ದೇಶದ 2015ರ ರಾಷ್ಟ್ರೀಯ ವೃತ್ತಿ ವರ್ಗೀಕರಣವೂ ಅದನ್ನೇ ಅನುಸರಿಸುತ್ತದೆ. 7ರಿಂದ ಶುರುವಾಗುವ ಸಂಖ್ಯೆ ಅಂದರೆ ಕುಶಲ ಕಸುಬುದಾರರ ಗುಂಪು. ಅಂಕಿಅಂಶದ ಪುಸ್ತಕದಲ್ಲಿ ಅವನು ಕುಶಲಕರ್ಮಿ, ಯೋಜನೆಯ ಪಟ್ಟಿಯಲ್ಲಿ ಅಲ್ಲ.

ಯಾಕೆ ಹೀಗೆ?

ಒಂದು ಉತ್ತರ ನಮ್ಮ ಮಾತಿನಲ್ಲೇ ಇದೆ. ಕ್ರೂರಿಯನ್ನು ಬೈಯಬೇಕಾದರೆ ನಾವು 'ಕಟುಕ' ಅನ್ನುತ್ತೇವೆ. ಒಂದು ಕಸುಬಿನ ಹೆಸರೇ ಬೈಗುಳ ಆಗಿರುವಾಗ ಆ ಕಸುಬಿಗೆ ಪದವಿ ಕೊಡಬೇಕು ಅಂತ ಯಾವ ಶಾಸಕ ವಿಧಾನಸಭೆಯಲ್ಲಿ ಎದ್ದು ನಿಲ್ಲುತ್ತಾನೆ? ಆ ಶಾಸಕನ ಮನೆಯ ಬೀಗರೂಟಕ್ಕೆ ಮಾತ್ರ ಅದೇ ಕೈ ಬೇಕು.

ಇನ್ನೊಂದು ಉತ್ತರ ಇತ್ತೀಚಿನ ರಾಜಕಾರಣದಲ್ಲಿದೆ. 2020ರ ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ 2021ರ ಜನವರಿಯಲ್ಲಿ ಜಾರಿಗೆ ಬಂತು. ಹಸು, ಕರು, ಹೋರಿ, ಎತ್ತು ಕೊಯ್ಯುವುದು ಪೂರ್ತಿ ನಿಷೇಧ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಪ್ರಮಾಣಪತ್ರದೊಂದಿಗೆ ಅವಕಾಶ. ತಪ್ಪಿದರೆ 3ರಿಂದ 7 ವರ್ಷ ಜೈಲು, 50 ಸಾವಿರದಿಂದ 5 ಲಕ್ಷದವರೆಗೆ ದಂಡ. ಈ ಕಾಯ್ದೆ ಸರಿಯೋ ತಪ್ಪೋ ಅನ್ನುವ ಚರ್ಚೆ ಬೇರೆ. ಆದರೆ ಒಂದು ಕಸುಬನ್ನು ಕಾನೂನಿನಿಂದ ಕಿರಿದು ಮಾಡುವಾಗ, ಅದರಲ್ಲಿದ್ದವರಿಗೆ ಮರುತರಬೇತಿ ಏನು ಅನ್ನುವ ಪ್ರಶ್ನೆ ಮುಖ್ಯ ಚರ್ಚೆಗೆ ಬರಲೇ ಇಲ್ಲ.

ಈ ಪ್ರಾಂತ್ಯಕ್ಕೆ ಅದರ ಬಿಸಿ ಹತ್ತಿರದಿಂದಲೇ ತಟ್ಟಿದೆ. 2023ರ ಏಪ್ರಿಲ್ 1ರಂದು ಕನಕಪುರ ತಾಲ್ಲೂಕಿನ ಸಾತನೂರಿನ ಬಳಿ ಮಂಡ್ಯದ ಒಬ್ಬ ವ್ಯಕ್ತಿ ಶವವಾಗಿ ಸಿಕ್ಕರು. ಅವರಿದ್ದ ಜಾನುವಾರು ಸಾಗಣೆ ವಾಹನವನ್ನು ಗೋರಕ್ಷಕರ ಗುಂಪು ತಡೆದಿತ್ತು. ಕೊಲೆ ಆರೋಪದ ಪ್ರಕರಣ ದಾಖಲಾಗಿ, ಆರೋಪಿಗಳನ್ನು ರಾಜಸ್ಥಾನದಲ್ಲಿ ಬಂಧಿಸಲಾಯಿತು. ರಸ್ತೆಯ ಮೇಲೆ ಯಾರು ಕಾನೂನುಬದ್ಧ ವ್ಯಾಪಾರಿ, ಯಾರು ಅಲ್ಲ ಅಂತ ಗುಂಪು ತೀರ್ಮಾನಿಸುವ ಕಾಲದಲ್ಲಿ, ಕಸುಬುದಾರನ ಜೇಬಿನಲ್ಲಿ ಅವನ ಕಸುಬಿನ ಬಗ್ಗೆ ಒಂದು ಕಾಗದವೂ ಇಲ್ಲದಿರುವುದು ಸಣ್ಣ ವಿಷಯ ಅಲ್ಲ. ಕಾಗದ ಗುಂಪನ್ನು ತಡೆಯುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಆಮೇಲೆ ಪೊಲೀಸ್ ಠಾಣೆಯಲ್ಲಿ, ಕೋರ್ಟಿನಲ್ಲಿ ಅದು ಬೇಕಾಗುತ್ತದೆ.

2022ರ ಹೊಸತೊಡಕು ನೆನಪಿಸಿಕೊಳ್ಳಿ. ಹಬ್ಬಕ್ಕೆ ಮೊದಲು ಹಲಾಲ್ ಮಾಂಸ ಕೊಳ್ಳಬೇಡಿ ಅನ್ನುವ ಅಭಿಯಾನ ರಾಜ್ಯದಲ್ಲಿ ಜೋರಾಯಿತು. ಅದೇ ಹೊತ್ತಿಗೆ ಪಶುಸಂಗೋಪನಾ ಇಲಾಖೆ ಬಿಬಿಎಂಪಿಗೆ ಪತ್ರ ಬರೆದು, ಕೊಯ್ಯುವ ಮೊದಲು ಪ್ರಾಣಿಯ ಪ್ರಜ್ಞೆ ತಪ್ಪಿಸುವ ವ್ಯವಸ್ಥೆ ಇರಬೇಕು ಎಂದಿತು. ಪ್ರಜ್ಞೆ ತಪ್ಪಿಸುವುದು ನಿಜಕ್ಕೂ ಒಂದು ತಾಂತ್ರಿಕ ಕೆಲಸ. ಯಾವ ಪ್ರಾಣಿಗೆ ಎಷ್ಟು ವಿದ್ಯುತ್, ಎಷ್ಟು ಹೊತ್ತು, ತಪ್ಪಾದರೆ ಏನು ಅನ್ನುವುದನ್ನು ಕಲಿಸದೆ ಮಾಡಿಸಿದರೆ ಪ್ರಾಣಿಗೆ ನೋವು ಇನ್ನೂ ಹೆಚ್ಚು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 28ನೇ ಸೆಕ್ಷನ್ ಧರ್ಮದ ಪದ್ಧತಿಯಂತೆ ಕೊಯ್ಯುವುದನ್ನು ಅಪರಾಧ ಅನ್ನುವುದಿಲ್ಲ ಅನ್ನುವುದೂ ಇದೆ. ಅವತ್ತು ಟಿವಿಗಳಲ್ಲಿ ಹಲಾಲ್ ಕಟ್, ಜಟ್ಕಾ ಕಟ್ ಅಂತ ಗಂಟೆಗಟ್ಟಲೆ ಚರ್ಚೆ ಆಯಿತು. ಎರಡರಲ್ಲಿ ಯಾವುದನ್ನು ಮಾಡುವವನಿಗೂ ತರಬೇತಿ ಎಲ್ಲಿ ಅನ್ನುವುದು ಚರ್ಚೆಯ ಕೇಂದ್ರಕ್ಕೆ ಬರಲಿಲ್ಲ.

ಬೇರೆ ಕಡೆ ಏನು ಮಾಡುತ್ತಾರೆ?

ಜರ್ಮನಿಯಲ್ಲಿ ಮಾಂಸದ ಕಸುಬಿಗೆ ಮೂರು ವರ್ಷದ ಶಿಷ್ಯವೃತ್ತಿ ಇದೆ. ಅಂಗಡಿಯಲ್ಲಿ ಕೆಲಸ, ಜೊತೆಗೆ ವೃತ್ತಿ ಶಾಲೆಯಲ್ಲಿ ಪಾಠ, ಕೊನೆಗೆ ಪರೀಕ್ಷೆ. ಅದರ ಮೇಲೆ 'ಮೈಸ್ಟರ್', ಅಂದರೆ ಗುರುವಿನ ದರ್ಜೆ. ಯೂರೋಪಿಯನ್ ಒಕ್ಕೂಟದ 1099/2009 ನಿಯಮದಂತೆ, 2013ರ ಜನವರಿ 1ರಿಂದ ಕಸಾಯಿಖಾನೆಯಲ್ಲಿ ಪ್ರಾಣಿ ಕೊಯ್ಯುವವರಿಗೆ ಸಾಮರ್ಥ್ಯ ಪ್ರಮಾಣಪತ್ರ ಕಡ್ಡಾಯ. ಬ್ರಿಟನ್ನಿನಲ್ಲಿ ಧಾರ್ಮಿಕ ಪದ್ಧತಿಯಂತೆ ಕೊಯ್ಯುವವರಿಗೂ ಪ್ರಮಾಣಪತ್ರ ಬೇಕು. ಯಹೂದಿ ಪದ್ಧತಿಯ ಕೊಯ್ಯುವವರು ತಮ್ಮ ಧಾರ್ಮಿಕ ಆಯೋಗದ ಲೈಸೆನ್ಸನ್ನೂ ಪಡೆದಿರಬೇಕು. ಅಂದರೆ ಧರ್ಮದ ಪದ್ಧತಿ ಮತ್ತು ವೃತ್ತಿಯ ಅರ್ಹತೆ ಒಂದನ್ನೊಂದು ಹೊಡೆಯಬೇಕಿಲ್ಲ.

ಅವರಂತೆ ನಾವೂ ಆಗಿಬಿಡಬೇಕು ಅನ್ನುವುದು ಇಲ್ಲಿನ ವಾದ ಅಲ್ಲ. ಜರ್ಮನಿಯಲ್ಲಿ ಸಣ್ಣ ಮಾಂಸದಂಗಡಿಗಳು ಕಡಿಮೆಯಾಗುತ್ತಾ ಬಂದಿವೆ, ಸೂಪರ್‌ಮಾರ್ಕೆಟ್‌ಗಳು ಆ ಜಾಗ ಹಿಡಿದಿವೆ. ಸರ್ಟಿಫಿಕೇಟ್ ಒಂದೇ ಯಾವ ಕಸುಬನ್ನೂ ಉಳಿಸಲ್ಲ.

ಸರ್ಟಿಫಿಕೇಟ್ ಹೊಸ ಬೇಡಿ ಆಗಿಬಿಟ್ಟರೆ?

ಈ ಭಯ ನ್ಯಾಯವಾದದ್ದು. ನಾಳೆಯಿಂದ ಸರ್ಟಿಫಿಕೇಟ್ ಇಲ್ಲದವರು ಅಂಗಡಿ ತೆರೆಯಬಾರದು ಅಂತ ಆದೇಶ ಬಂದರೆ ಮೊದಲು ಮುಚ್ಚುವುದು ಸಣ್ಣ ಅಂಗಡಿಗಳು. ಆ ಜಾಗಕ್ಕೆ ಬರುವುದು ದೊಡ್ಡ ಕಂಪನಿಗಳು. ಬೆಂಗಳೂರಿನಲ್ಲಿ 2015ರಲ್ಲೇ ಆನ್‌ಲೈನ್ ಮಾಂಸದ ಕಂಪನಿಗಳು ಶುರುವಾಗಿವೆ. ಈ ಜಿಲ್ಲೆಯ ಹೆಸರನ್ನೇ ಬೆಂಗಳೂರು ದಕ್ಷಿಣ ಎಂದು ಬದಲಿಸಲು 2025ರ ಮೇನಲ್ಲಿ ಸಚಿವ ಸಂಪುಟ ಒಪ್ಪಿತು. ಬಿಡದಿ, ಹಾರೋಹಳ್ಳಿ ಕಡೆ ನಗರ ನುಗ್ಗಿ ಬರುತ್ತಿದೆ. ಗಿರಾಕಿಗಳು ಹೆಚ್ಚುತ್ತಾರೆ, ಅವರಿಗೆ ಯಾರು ಮಾಂಸ ಕೊಡುತ್ತಾರೆ ಅನ್ನುವ ಸ್ಪರ್ಧೆಯೂ ಹೆಚ್ಚುತ್ತದೆ.

ಅದಕ್ಕೇ ಕ್ರಮ ಮುಖ್ಯ. ಮೊದಲು ಮಾನ್ಯತೆ, ಆಮೇಲೆ ತರಬೇತಿ, ಕಡ್ಡಾಯ ಅನ್ನುವುದು ಕೊನೆಗೆ. ದೇಶದ ಕೌಶಲ ವ್ಯವಸ್ಥೆಯಲ್ಲೇ ಇದಕ್ಕೊಂದು ದಾರಿ ಇದೆ: ಹಿಂದೆ ಕಲಿತದ್ದಕ್ಕೆ ಮಾನ್ಯತೆ. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಭಾಗ ಇದು. ಶಾಲೆಯಲ್ಲಿ ಕಲಿಯದೆ ಕೆಲಸದಲ್ಲೇ ಕಲಿತವರನ್ನು ಪರೀಕ್ಷಿಸಿ, ಬಿಟ್ಟುಹೋದದ್ದನ್ನು ಹೇಳಿಕೊಟ್ಟು, ಸರ್ಟಿಫಿಕೇಟ್ ಕೊಡುವ ಕ್ರಮ. ಇಪ್ಪತ್ತು ವರ್ಷ ಕುರಿ ಸುಲಿದವನಿಗೆ ಸುಲಿಯೋದನ್ನು ಕಲಿಸಬೇಕಿಲ್ಲ. ಕಂದು ರೋಗದ ಬಗ್ಗೆ, ಕೈಗವಸಿನ ಬಗ್ಗೆ, ಲಿವರ್‌ನಲ್ಲಿ ಕಂಡ ಗುಳ್ಳೆಯನ್ನು ಏನು ಮಾಡಬೇಕು ಅನ್ನುವ ಬಗ್ಗೆ ಹೇಳಬೇಕು. ಅದೂ ಕನ್ನಡದಲ್ಲಿ, ಉರ್ದುವಿನಲ್ಲಿ, ಅವನ ಊರಿನಲ್ಲೇ, ಆ ದಿನದ ಕೂಲಿ ಕಟ್ಟಿಕೊಟ್ಟು. ಹೆಬ್ಬಾಳದ ಕಾಲೇಜಿನಿಂದ ರಾಮನಗರಕ್ಕೆ ಬರುವುದು ರಾಮನಗರದ ಕೆಲಸಗಾರ ಹೈದರಾಬಾದಿಗೆ ಹೋಗುವುದಕ್ಕಿಂತ ಸುಲಭ.

ಪರೀಕ್ಷಕರ ಮೇಜಿನ ಆಚೆ ಕಡೆ ಹಿರಿಯ ಕಸುಬುದಾರರೂ ಕೂರಬೇಕು. ಇಲ್ಲದಿದ್ದರೆ ಅದು ಇನ್ನೊಂದು ಕಚೇರಿ, ಇನ್ನೊಂದು ಸಹಿ, ಇನ್ನೊಂದು ಕೈಬಿಸಿ ಆಗುತ್ತದೆ.

ಈಗಲೇ ಏನು ಮಾಡಬಹುದು?

*ಕಸುಬಿನಲ್ಲಿರುವವರು:* ಎಫ್‌ಎಸ್‌ಎಸ್‌ಎಐನ ಫೋಸ್ಕಾಸ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿ. ನಗರಸಭೆ, ಪುರಸಭೆಯ ಲೈಸೆನ್ಸಿನ ರಸೀದಿಗಳನ್ನು ಜೋಪಾನವಾಗಿಡಿ. ಫೋಸ್ಟ್ಯಾಕ್ ತರಬೇತಿ ಸಿಕ್ಕರೆ ಬಿಡಬೇಡಿ. ಇ-ಶ್ರಮ್‌ನಲ್ಲಿ ಹೆಸರು ಬರೆಸಿ, ಕಸುಬಿನ ಕಾಲಂನಲ್ಲಿ ಕೂಲಿ ಅಂತ ಹಾಕಿಸದೆ ನಿಮ್ಮ ಕಸುಬಿನ ಹೆಸರನ್ನೇ ಹಾಕಿಸಿ. ಎಷ್ಟು ಜನ ಇದ್ದಾರೆ ಅನ್ನುವ ಲೆಕ್ಕ ಅಲ್ಲಿಂದಲೇ ಶುರುವಾಗಬೇಕು.

*ಓದುಗರು:* ನಿಮ್ಮ ಊರಿನ ನಗರಸಭೆ ಅಥವಾ ಪುರಸಭೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ. ಕರ್ನಾಟಕದಲ್ಲಿ ಒಂದು ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು, ಹಾಗಾಗಿ ಪ್ರಶ್ನೆ ಚಿಕ್ಕದಿರಲಿ. ಕೇಳಬಹುದಾದ್ದು ಇಷ್ಟು:

– ಲೈಸೆನ್ಸ್ ಇರುವ ಕಸಾಯಿಖಾನೆ ಊರಿನಲ್ಲಿ ಇದೆಯೇ? ಅಲ್ಲಿ ಪಶುವೈದ್ಯರ ತಪಾಸಣೆ ದಿನಾ ನಡೆಯುತ್ತದೆಯೇ?

– 2001ರ ನಿಯಮದಂತೆ ಕೊಯ್ಯುವವರಿಗೆ ವೈಯಕ್ತಿಕ ಲೈಸೆನ್ಸ್ ಎಷ್ಟು ಜನರಿಗೆ ಕೊಟ್ಟಿದ್ದೀರಿ? ಯಾವ ಆಧಾರದ ಮೇಲೆ?

– ಕಳೆದ ಐದು ವರ್ಷದಲ್ಲಿ ಮಾಂಸದ ಅಂಗಡಿಗಳಿಂದ ಎಷ್ಟು ಫೀಸು, ದಂಡ ವಸೂಲಾಯಿತು? ಅವರ ತರಬೇತಿಗೆ ಎಷ್ಟು ಖರ್ಚಾಯಿತು?

ಮೂರನೇ ಪ್ರಶ್ನೆಯ ಉತ್ತರ ಬಂದಾಗ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಸರ್ಕಾರಕ್ಕೆ ಈ ಕಸುಬಿನಿಂದ ಏನು ಬೇಕು, ಈ ಕಸುಬಿಗೆ ಅದು ಏನು ಕೊಟ್ಟಿದೆ ಅನ್ನುವುದು ಆ ಎರಡು ಸಂಖ್ಯೆಗಳಲ್ಲೇ ಗೊತ್ತಾಗುತ್ತದೆ. ಮುಂದಿನ ಹೊಸತೊಡಕಿಗೆ ಸಾಲಿನಲ್ಲಿ ನಿಂತಾಗ ಮುಂದೆ ಇರುವವರ ಜೊತೆ ಮಾತಾಡೋಕೆ ಅದಕ್ಕಿಂತ ಒಳ್ಳೆಯ ವಿಷಯ ಸಿಗಲ್ಲ.